ಸದ್ಯಕ್ಕೆ ಫಿಲ್ಮ್ ಬೇಡ, ಪೇಪರ್ ಹಾಕಿ ನೋಡಿ
ಹಳೇ 4x5 ಕ್ಯಾಮೆರಾ (4x5 ಇಂಚಿನ ಫಿಲ್ಮ್ ಹಾಳೆ, ಅಂದರೆ ಶೀಟ್ ಫಿಲ್ಮ್, ಒಂದೊಂದಾಗಿ ಹಾಕುವಂಥದ್ದು) ಸಿಕ್ಕಿದೆ, ಶೀಟ್ ಫಿಲ್ಮಿನ ಬೆಲೆ ನೋಡಿ ಧೈರ್ಯ ಸಾಲ್ತಿಲ್ಲ ಅಂದಿದ್ದೀರಿ. ಮೊದಲು ಕತ್ತಲೆ ಕೋಣೆಯಲ್ಲಿ ಬೆಲ್ಲೋಸ್ (ಲೆನ್ಸಿನ ಹಿಂದಿನ ಮಡಿಕೆಯ ಭಾಗ) ಒಳಗೆ ಟಾರ್ಚ್ ಬಿಟ್ಟು ನೋಡಿ. ಮಡಿಕೆಯ ಮೂಲೆಗಳಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಕಪ್ಪು ಟೇಪ್ ಹಚ್ಚಿ.

ಆಮೇಲೆ ಫಿಲ್ಮಿನ ಬದಲು ಕಪ್ಪು-ಬಿಳುಪು ಪ್ರಿಂಟಿಂಗ್ ಪೇಪರನ್ನೇ ಕತ್ತರಿಸಿ, ಫಿಲ್ಮ್ ಹಾಳೆ ಹಿಡಿದಿಡುವ ಹೋಲ್ಡರ್‌ಗೆ ಹಾಕಿ. ಪೇಪರಿನ ಐಎಸ್‌ಓ (ಬೆಳಕಿಗೆ ಸ್ಪಂದಿಸುವ ವೇಗ) 6 ಅಂತ ಲೆಕ್ಕ ಹಿಡಿದರೆ ಒಳ್ಳೇ ಬಿಸಿಲಲ್ಲಿ ಲೆನ್ಸಿನ ಕಿಂಡಿ ಎಫ್/22ರಲ್ಲಿಟ್ಟಾಗ ಸುಮಾರು ಮೂರನೇ ಒಂದು ಸೆಕೆಂಡ್ ಬೆಳಕು ಬಿಡಬೇಕು. ಪೇಪರನ್ನು ಕೆಡಿಸದ ಕೆಂಪು ದೀಪದಲ್ಲೇ (ಸೇಫ್‌ಲೈಟ್) ಡೆವಲಪ್ ಮಾಡಬಹುದು. ಟ್ರೇಯಲ್ಲಿ ಚಿತ್ರ ಮೆಲ್ಲಗೆ ಮೂಡೋದು ಕಣ್ಣಾರೆ ಕಾಣುತ್ತೆ, ಆ ಖುಷಿಯೇ ಬೇರೆ! ಪೇಪರಿಗೆ ಕೆಂಪು ಬಣ್ಣ ಕಾಣೋದಿಲ್ಲ, ಹಾಗಾಗಿ ಪ್ರಿಂಟಲ್ಲಿ ಕೆಂಪು ದಾಸವಾಳ ಕಪ್ಪಗೆ, ನೀಲಿ ಆಕಾಶ ಬೆಳ್ಳಗೆ ಬರುತ್ತೆ. ಪೇಪರಲ್ಲಿ ಮೂಡೋದು ಬೆಳಕು-ನೆರಳು ಅದಲುಬದಲಾದ ನೆಗೆಟಿವ್. ಪ್ರಿಂಟಿಗೆ ಎನ್‌ಲಾರ್ಜರ್ (ಚಿತ್ರ ದೊಡ್ಡದು ಮಾಡುವ ಯಂತ್ರ) ಬೇಡ, ನೆಗೆಟಿವನ್ನು ಇನ್ನೊಂದು ಪೇಪರಿಗೆ ತಾಗಿಸಿ ಗಾಜಿನ ಕೆಳಗಿಟ್ಟು, ಬೆಳಕು ಬಿಟ್ಟು ಕಾಂಟ್ಯಾಕ್ಟ್ ಪ್ರಿಂಟ್ ತೆಗೀರಿ.