ನೇಮಕಾತಿಗಿಂತ ರಾಜೀನಾಮೆಯೇ ಹೆಚ್ಚು: ಏನು ಮಾಡಲಿ?

ಪ್ರಶ್ನೆ: ನಾನು ಆಸ್ಪತ್ರೆಯೊಂದರ ನರ್ಸಿಂಗ್ ಸೂಪರಿಂಟೆಂಡೆಂಟ್. ಒಬ್ಬರನ್ನು ಸೇರಿಸಿಕೊಳ್ಳುವಷ್ಟರಲ್ಲಿ ಇಬ್ಬರು ರಾಜೀನಾಮೆ ಕೊಟ್ಟಿರುತ್ತಾರೆ. ಉಳಿದವರಿಗೆ ಡಬಲ್ ಡ್ಯೂಟಿ ತಪ್ಪುತ್ತಿಲ್ಲ. ಔಷಧಿ ಕೊಡುವುದು ತಡವಾಗುತ್ತದೆ, ರೋಗಿಗಳ ಕಡೆಯವರು ಜಗಳಕ್ಕೆ ಬರುತ್ತಾರೆ. ಸಂಬಳ ಹೆಚ್ಚಿಸಲು ಆಡಳಿತ ಮಂಡಳಿ ಒಪ್ಪುತ್ತಿಲ್ಲ. ನನ್ನಿಂದ ಏನಾದೀತು?

ಉತ್ತರ: ಸಂಬಳದ ಬೇಡಿಕೆಯನ್ನು ಕೈಬಿಡಬೇಡಿ. ಆದರೆ ಅದು ಇತ್ಯರ್ಥವಾಗುವ ತನಕ ಕಾಯಬೇಕಾಗಿಲ್ಲ, ಡ್ಯೂಟಿ ರೋಸ್ಟರ್ ನಿಮ್ಮ ಕೈಯಲ್ಲೇ ಇದೆ. ಕಳೆದ ಮೂರು ತಿಂಗಳ ರೋಸ್ಟರನ್ನು ಮುಂದಿಟ್ಟುಕೊಂಡು ಕೂತು ನೋಡಿ. ನೈಟ್ ಮುಗಿಸಿದವರನ್ನು ಅದೇ ಮಧ್ಯಾಹ್ನ ಮತ್ತೆ ಕರೆಸಿದ್ದು ಎಷ್ಟು ಸಲ? ಮಂಜೂರಾದ ರಜೆ ಕೊನೇ ಗಳಿಗೆಯಲ್ಲಿ ರದ್ದಾದದ್ದು ಯಾರದು? ಬಹಳ ಕಡೆ ‘ಆಗಲ್ಲ’ ಎನ್ನಲು ಬಾರದ ನಾಲ್ಕೈದು ಮಂದಿಯ ಹೆಸರೇ ಮತ್ತೆ ಮತ್ತೆ ಕಾಣುತ್ತದೆ. ನನಗೆ ಹೆಚ್ಚು ಭಯ ಅವರ ಬಗ್ಗೆಯೇ, ಮುಂದಿನ ರಾಜೀನಾಮೆ ಬರುವುದು ಅಲ್ಲಿಂದ. ಎರಡು ಪಾಳಿಗಳ ನಡುವೆ ಕನಿಷ್ಠ 11 ಗಂಟೆ ಬಿಡುವು ಕೊಡಿ. ಯುರೋಪಿಯನ್ ಒಕ್ಕೂಟದ ಕೆಲಸದ ಅವಧಿಯ ನಿಯಮವೂ ಇಷ್ಟನ್ನು ಕೇಳುತ್ತದೆ. ಪಾಳಿ ಬದಲಿಸುವಾಗ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮವಿರಲಿ. ಹಿಂದುಮುಂದಾದರೆ ನಿದ್ದೆ ಹೊಂದುವುದು ಕಷ್ಟ.

ಆಮೇಲೆ ಒಂದು ವಾರ, ಪ್ರತಿ ವಾರ್ಡಿನಲ್ಲೂ ನರ್ಸ್‌ಗಳು ಮಾಡಬೇಕಿಲ್ಲದ ಕೆಲಸಗಳನ್ನು ಬರೆದಿಡಲು ಹೇಳಿ: ಫಾರ್ಮಸಿಗೆ ಓಡಿದ್ದು, ಲ್ಯಾಬ್ ರಿಪೋರ್ಟಿಗೆ ಹತ್ತು ಸಲ ಫೋನ್ ಮಾಡಿದ್ದು, ಬಿಲ್ಲಿನ ತಕರಾರು ಕೇಳಿದ್ದು, ವೀಲ್‌ಚೇರ್ ಹುಡುಕಿದ್ದು. ಔಷಧಿ ತಡವಾಗುತ್ತಿರುವುದಕ್ಕೆ ಅರ್ಧ ಕಾರಣ ಈ ಪಟ್ಟಿಯಲ್ಲೇ ಸಿಕ್ಕರೆ ನನಗೆ ಆಶ್ಚರ್ಯವಿಲ್ಲ. ಇವಕ್ಕೆ ಸಹಾಯಕ ಸಿಬ್ಬಂದಿಯನ್ನು ಕೇಳಿದರೆ ಆಡಳಿತದವರು ಒಪ್ಪುವ ಸಾಧ್ಯತೆ ಹೆಚ್ಚು.

ಅವರ ಬಳಿ ಹೋಗುವಾಗ ಪಟ್ಟಿಯ ಜೊತೆ ಈ ಲೆಕ್ಕವನ್ನೂ ಒಯ್ಯಿರಿ. ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಾಧ್ಯತೆ ಶೇ 7ರಷ್ಟು ಏರುವುದು ಅದರಲ್ಲಿ ಕಂಡಿತು. ಸಿಬ್ಬಂದಿ ಕೊರತೆಯನ್ನು ಖರ್ಚಿನ ಬಾಬತ್ತಾಗಿ ಮಾತ್ರ ನೋಡುವವರು ಇದನ್ನು ಓದಲೇಬೇಕು.

ಜಗಳದ ವಿಷಯವನ್ನು ಹಗುರವಾಗಿ ಎಣಿಸಬೇಡಿ. ಕೆಲಸ ಬಿಟ್ಟವರನ್ನು ಮಾತಾಡಿಸಿದಾಗ ‘ಆ ದಿನ ನನ್ನ ಪರ ಯಾರೂ ಬರಲಿಲ್ಲ’ ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹೊಸಬರನ್ನು ಮೊದಲ ತಿಂಗಳುಗಳಲ್ಲಿ ರಾತ್ರಿ ವಾರ್ಡಿನಲ್ಲಿ ಒಬ್ಬರನ್ನೇ ಬಿಡಬೇಡಿ. ಯಾರಾದರೂ ದನಿ ಏರಿಸಿದರೆ ತಕ್ಷಣ ಬಂದು ನಿಲ್ಲುವವರು ಯಾರು ಎಂಬುದು ಪ್ರತಿ ಪಾಳಿಗೂ ಗೊತ್ತಿರಲಿ. ಅವರ ಫೋನ್ ನಂಬರ್ ನರ್ಸಿಂಗ್ ಸ್ಟೇಷನ್ನಿನಲ್ಲಿ ಎದ್ದು ಕಾಣುವಂತೆ ಅಂಟಿಸಿ, ಮೊದಲ ಹೆಸರು ನಿಮ್ಮದೇ ಇರಲಿ.