ಸುಳ್ಳು ಚಿತ್ರಗಳಿಗೆ ‘ಫೇಕ್’ ಮುದ್ರೆ ಹಾಕಿ ಅಪ್ಪನಿಗೆ ವಾಪಸ್ ಕಳಿಸಲೇ?

ಬೇಡ್ರಿ. ಪ್ರಚಾರದ ಚಿತ್ರಗಳು ಅಪ್ಪನ ತಲೆ ಕೆಡಿಸಿವೆ, ಓದಿದ ನನಗೆ ಅವು ಅಂಟುವುದಿಲ್ಲ, ಅದಕ್ಕೇ ಮುದ್ರೆ ಒತ್ತಿ ತಿದ್ದುತ್ತೇನೆ ಅಂದಿದ್ದೀರಿ. ಅದನ್ನೇ ಮಾಡಿ ಕೈ ಸುಟ್ಟುಕೊಂಡವನು ನಾನು.

2018ರ ಜೂನ್. ಬೀದರ್ ಜಿಲ್ಲೆಯ ಭಾಲ್ಕಿಯಲ್ಲಿ ನನ್ನದು ಝೆರಾಕ್ಸ್, ರಿಚಾರ್ಜ್ ಅಂಗಡಿ. ಬೈಕಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಆಗ ಎಲ್ಲರ ಫೋನಿನಲ್ಲೂ ಇತ್ತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ತೆಗೆದ ಚಿತ್ರ. ಮೂಲದಲ್ಲಿ ಅವರು ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಬರಹ ಹಿಡಿದು ತೋರಿಸುತ್ತಾರೆ. ಆ ಕೊನೆಯನ್ನೇ ಯಾರೋ ಕತ್ತರಿಸಿ, ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಹರಿಬಿಟ್ಟಿದ್ದರು.

ಇದು ಗೊತ್ತಾದ ದಿನ ನನಗೆ ಎಲ್ಲಿಲ್ಲದ ಹುರುಪು. ವಿಡಿಯೊದಿಂದ ಒಂದು ಚಿತ್ರ ತೆಗೆದು, ಕೆಳಗೆ ‘ಇದು ಸುಳ್ಳು, ನಂಬಬೇಡಿ’ ಅಂತ ಕೆಂಪು ಅಕ್ಷರ ಕೂಡಿಸಿ ಹನ್ನೊಂದು ಗ್ರೂಪಿಗೆ ಬಿಟ್ಟೆ. ತಪ್ಪು ಎಲ್ಲಾಯಿತು ಅಂತ ಇಷ್ಟು ವರ್ಷ ಲೆಕ್ಕ ಹಾಕಿದ್ದೇನೆ. ಕೆಂಪು ಅಕ್ಷರ ಕಪ್ಪು ಟಾರಿನ ಮೇಲೆ ಬಿದ್ದಿತ್ತು, ಕಾಣುತ್ತಿರಲಿಲ್ಲ. ಕನ್ನಡಕ ಇಲ್ಲದವರು ಅದನ್ನು ಓದುವುದೇ ಇಲ್ಲ. ಯಾರೋ ಅಡಿಭಾಗ ಕತ್ತರಿಸಿ ಮುಂದೆ ಕಳಿಸಿದರು. ಆದರೆ ಅಕ್ಷರ ಗೋಡೆಯಷ್ಟು ದೊಡ್ಡದಿದ್ದರೂ ಅಷ್ಟೇ ಆಗುತ್ತಿತ್ತು ಅಂತ ಈಗ ಅನ್ನಿಸುತ್ತದೆ. ಚಿತ್ರ ತಲೆಗೆ ಹೋಗಿ ಕೂತುಬಿಡುತ್ತದೆ, ‘ಸುಳ್ಳು’ ಅನ್ನುವ ಚೀಟಿ ನಾಲ್ಕು ದಿನಕ್ಕೆ ಉದುರುತ್ತದೆ. ಬರೀ ಮಾತಿನಲ್ಲಿ ಬರೆದಿದ್ದರೆ ಸಾಕಿತ್ತು. ಮಾತು ಯಾರು ಓದುತ್ತಾರೆ ಅಂತ ಚಿತ್ರ ಹಾಕಿದೆ ನೋಡ್ರಿ, ಅದೇ ತಪ್ಪು.

ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಣ್ಣುಮಗಳೊಬ್ಬಳು ತಿಂಗಳಿಗೊಮ್ಮೆ ನಮ್ಮ ಓಣಿಗೆ ಬರುತ್ತಿದ್ದಳು. ಹತ್ತು ದಿನದ ಮೇಲೆ ಅವಳನ್ನು ಹುಡುಗರು ಸುತ್ತುಗಟ್ಟಿದರು. ಬುಟ್ಟಿ ಮಗುಚಿ ತಾಟು, ಲೋಟ ಎಲ್ಲ ಗಟಾರದ ಪಾಲು. ಬಿಡಿಸಲು ಹೋದರೆ ಕಿರಾಣಿ ಅಂಗಡಿ ಕಾಕಾ ನನ್ನ ಮುಖಕ್ಕೇ ಫೋನ್ ಹಿಡಿದರು: “ನೀನೇ ಕಳಿಸಿದ್ದಿ ಅಲ್ಲೋ ತಮ್ಮಾ?” ನಾನೇ ಮಾಡಿದ ಚಿತ್ರ, ಅಡಿಬರಹ ಇಲ್ಲ. ನಾನು ಕಳಿಸಿದ್ದೆ ಅನ್ನುವುದೇ ಅದನ್ನು ಖರೆ ಮಾಡಿತ್ತು. ಇಬ್ಬರು ಹಿರಿಯರು ಅಡ್ಡ ಬಂದದ್ದಕ್ಕೆ ಅವಳು ಜೀವ ಉಳಿಸಿಕೊಂಡು ಹೋದಳು. ಮತ್ತೆ ಬರಲಿಲ್ಲ. ಜುಲೈ 13ರಂದು ನಮ್ಮದೇ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದಕ್ಕೆ ಮಕ್ಕಳ ಕಳ್ಳರೆಂದು ಸಂಶಯಪಟ್ಟು, ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಒಂದು ಮೆಸೇಜನ್ನು ಒಮ್ಮೆಗೆ ಐದು ಚಾಟಿಗಷ್ಟೇ ಮುಂದೆ ಕಳಿಸುವ ಮಿತಿಯನ್ನು ವಾಟ್ಸ್‌ಆ್ಯಪ್ ಭಾರತದಲ್ಲಿ ಹಾಕುತ್ತೇವೆಂದು ಪ್ರಕಟಿಸಿದ್ದು ಅದೇ ತಿಂಗಳು. ಮುರ್ಕಿಯ ಸುದ್ದಿ ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇನ್ನು ಓದಿದವರಿಗೆ ಅಂಟುವುದಿಲ್ಲ ಅನ್ನುವ ಮಾತು. ಒಪ್ಪುವುದಿಲ್ಲ. ಕೇಳಿದ್ದನ್ನೇ ಮತ್ತೆ ಕೇಳಿದರೆ ಅದು ಹೆಚ್ಚು ನಿಜ ಅನ್ನಿಸುತ್ತದೆಂದು 1977ರಲ್ಲೇ ಮನಶ್ಶಾಸ್ತ್ರದವರು ತೋರಿಸಿದ್ದಾರೆ. ವಿಷಯ ಗೊತ್ತಿದ್ದವರೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ ಅಂತ ಆಮೇಲಿನ ಪ್ರಯೋಗಗಳಲ್ಲಿ ಕಂಡಿತು. ಚಿತ್ರದ ಕಥೆ ಇನ್ನೂ ಬೇರೆ. 2002ರ ಒಂದು ಪ್ರಯೋಗದಲ್ಲಿ 20 ಜನರಿಗೆ, ಅವರು ಚಿಕ್ಕಂದಿನಲ್ಲಿ ಬಿಸಿಗಾಳಿ ಬಲೂನಿನಲ್ಲಿ ಹಾರಿದಂತೆ ಅಂಟಿಸಿ ಮಾಡಿದ ಫೋಟೊ ತೋರಿಸಿದರು. ಹಾರಿದ್ದು ಒಬ್ಬರೂ ಇಲ್ಲ. ಮೂರು ಭೇಟಿ ಮುಗಿಯುವಷ್ಟರಲ್ಲಿ ಅರ್ಧದಷ್ಟು ಜನ ಏನೋ ಒಂದಿಷ್ಟು ‘ನೆನಪು’ ಮಾಡಿಕೊಂಡರು. ಅದರ ಮೇಲೆ ಭಯ ಬೇರೆ ಸೇರಿದರೆ ಮುಗಿಯಿತು. ಮೆದುಳಿನ ಅಮಿಗ್ಡಲ ಅನ್ನುವ ಭಾಗ ಇದು ಮುಖ್ಯ ಅಂತ ಒತ್ತಿ ಹೇಳುತ್ತದೆ, ನೆನಪು ಗಟ್ಟಿಯಾಗುತ್ತದೆ. ಎಲ್ಲಿ ನೋಡಿದೆ, ಯಾರು ತೋರಿಸಿದರು ಅನ್ನುವುದು ಅಷ್ಟು ಗಟ್ಟಿ ಉಳಿಯುವುದಿಲ್ಲ.

ನನ್ನನ್ನೇ ನೋಡಿ. ಆ ವಿಡಿಯೊ ಕರಾಚಿಯದು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈಗ ಕಣ್ಣು ಮುಚ್ಚಿದರೆ ಬೈಕು ಬರುವುದು ನಮ್ಮ ಓಣಿಯಿಂದ, ಬೇವಿನ ಗಿಡ ದಾಟಿ. ಗಿಡದ ಕಟ್ಟೆಯೂ ಕಾಣುತ್ತದೆ.

ಅದಕ್ಕೇ ಅಪ್ಪನಿಗೆ ಚಿತ್ರ ಕಳಿಸಬೇಡಿ, ಮುದ್ರೆ ಹಾಕಿಯೂ ಕಳಿಸಬೇಡಿ. ಚುನಾವಣೆಯದಿರಲಿ, ಯುದ್ಧದ್ದಿರಲಿ. ಗ್ರೂಪಿನಲ್ಲಿ ನಾಲ್ಕು ಜನರ ಮುಂದೆ ತಿದ್ದಲೂ ಹೋಗಬೇಡಿ, ಹಟಕ್ಕೆ ಬೀಳುತ್ತಾರೆ. ಚಹಾ ಕುಡಿಯುವಾಗ ಪಕ್ಕದಲ್ಲಿ ಕೂತು, ನಿಜವಾಗಿ ಏನಾಗಿತ್ತು ಅನ್ನುವುದನ್ನು ಮೊದಲಿಂದ ಕೊನೆತನಕ ಬಾಯಲ್ಲಿ ಹೇಳಿ. ‘ಸುಳ್ಳು’ ಅಂದು ಖಾಲಿ ಬಿಟ್ಟ ಜಾಗಕ್ಕೆ ಹಳೆಯದೇ ಬಂದು ಕೂಡುತ್ತದೆ, ಅಲ್ಲಿ ನಿಜದ ಕಥೆ ಇಡಬೇಕು. ನಾನು ಅವ್ವನಿಗೆ ಇದನ್ನು ತಡವಾಗಿ ಮಾಡಿದೆ, ಎಷ್ಟೋ ಸಲ ಮಾಡಿದೆ. ಆ ಹೆಣ್ಣುಮಗಳ ಹತ್ತಿರ ಐದಾರು ವರ್ಷ ಪಾತ್ರೆ ತಗೊಂಡವಳು ಅವ್ವ, ಅವಳ ಮಕ್ಕಳ ಹೆಸರೂ ಗೊತ್ತಿತ್ತು. ಹೋದ ದೀಪಾವಳಿಗೆ ಅಟ್ಟದ ಮೇಲಿನ ಸಾಮಾನು ಇಳಿಸುವಾಗ ಒಂದು ಸ್ಟೀಲ್ ಬೋಗಾಣಿ ಸಿಕ್ಕಿತು. ಅವ್ವ ತಿರುಗಿಸಿ ನೋಡಿ ಕೇಳಿದಳು: “ಇದು ಆ ಮಕ್ಕಳ ಕಳ್ಳಿ ಕೊಟ್ಟಿದ್ದು ಅಲ್ಲೇನೋ?”