ಕೈಕೆಲಸ ಪ್ರಶ್ನೋತ್ತರ: ಮೊದಲ ಡೈಮಂಡ್ ಪೇಂಟಿಂಗ್ ಸಣ್ಣದಿರಲಿ

ಪ್ರಶ್ನೆ: ಅಕ್ಕಾ, ಯೂಟ್ಯೂಬ್‌ನಲ್ಲಿ ಡೈಮಂಡ್ ಪೇಂಟಿಂಗ್ ನೋಡಿ ಆಸೆ ಆಗಿದೆ. ನನಗೆ ಚಿತ್ರ ಬಿಡಿಸೋಕೆ ಸ್ವಲ್ಪವೂ ಬರಲ್ಲ. ನಮ್ಮ ಮನೆಯವರೆಲ್ಲ ಇರುವ ಫೋಟೋ ಕಳಿಸಿ 30 x 40 ಸೆಂ.ಮೀ. ಕಿಟ್ ಮಾಡಿಸಿ, ಅದರಿಂದಲೇ ಶುರು ಮಾಡೋಣ ಅಂತಿದ್ದೀನಿ. ಸರಿ ಆಗುತ್ತಾ? – ನವನಗರ, ಬಾಗಲಕೋಟೆ

ಉತ್ತರ: ಚಿತ್ರ ಬರದಿದ್ದರೆ ಏನೂ ಚಿಂತೆ ಇಲ್ಲ ತಂಗಿ. ಅಂಟು ಹಚ್ಚಿದ ಕ್ಯಾನ್ವಾಸ್ ಮೇಲೆ ಸಣ್ಣ ಸಣ್ಣ ಮನೆಗಳಿರುತ್ತವೆ, ಒಂದೊಂದು ಮನೆಯಲ್ಲಿ ಒಂದು ಗುರುತು, ಯಾವ ಗುರುತಿಗೆ ಯಾವ ಬಣ್ಣದ ಹರಳು ಅಂತ ಅಂಚಿನಲ್ಲಿ ಪಟ್ಟಿ. ಪೆನ್ನಿನ ತುದಿಗೆ ಮೇಣ ತುಂಬಿಕೊಂಡು ಹರಳು ಎತ್ತಿ ಅದರ ಮನೆಯಲ್ಲಿ ಕೂರಿಸಬೇಕು, ಅಷ್ಟೇ. ಈ ಹರಳಿಗೆ ಡ್ರಿಲ್ ಅಂತಲೂ ಹೇಳುತ್ತಾರೆ. ಪೆನ್, ಮೇಣ, ಟ್ರೇ ಸಾಮಾನ್ಯವಾಗಿ ಕಿಟ್‌ನಲ್ಲೇ ಬರುತ್ತವೆ. ಹೊಸದಾಗಿ ಏನೂ ಕೊಳ್ಳಬೇಕಾಗಿಲ್ಲ.

ಫೋಟೋ ಮಾತ್ರ ಈಗ ಬೇಡ. ಲೆಕ್ಕ ನೋಡಿ. ಚೌಕ ಹರಳು 2.5 ಮಿ.ಮೀ. ಇರುತ್ತದೆ, ಅಂದರೆ 10 ಸೆಂಟಿಮೀಟರಿಗೆ 40 ಹರಳು. 30 x 40 ಕ್ಯಾನ್ವಾಸ್ ಪೂರ್ತಿ ತುಂಬಬೇಕಾದರೆ 120 ಸಾಲು, ಸಾಲಿಗೆ 160 ಹರಳು, ಒಟ್ಟು 19,200. ಮೊದಲ ಸಲಕ್ಕೆ ಅದು ಜಾಸ್ತಿ ಆಯಿತು. ಅಷ್ಟೊಂದು ಕೆಲಸ ಮಾಡಿದ ಮೇಲೂ ಮುಖಗಳು ಚೆನ್ನಾಗಿ ಬರುವ ಭರವಸೆ ಇಲ್ಲ. ಯಾಕಂದ್ರೆ ನಾಲ್ಕೈದು ಜನ ನಿಂತ ಫೋಟೋದಲ್ಲಿ ಒಬ್ಬೊಬ್ಬರ ಮುಖದ ಅಗಲಕ್ಕೆ ಸಿಗೋದು 20ರ ಆಸುಪಾಸಿನ ಹರಳು, ಅಷ್ಟರಲ್ಲಿ ಕಣ್ಣು, ಮೂಗು, ನಗು ಎಲ್ಲ ಹಿಡಿಸಬೇಕು. ಹತ್ತಿರ ಬಂದು ನೋಡಿದವರಿಗೆ ಅಮ್ಮ ಯಾರು, ಅತ್ತೆ ಯಾರು ಗೊತ್ತಾಗಲ್ಲ. ಎಷ್ಟೋ ಜನ ಇಲ್ಲೇ ಬೇಜಾರಾಗಿ ಕಿಟ್ ಸುತ್ತಿ ಅಟ್ಟಕ್ಕೆ ಹಾಕುತ್ತಾರೆ, ನನಗೆ ಅದು ನಿಜವಾಗಲೂ ಸಂಕಟ ಅನಿಸುತ್ತದೆ. ತಪ್ಪು ಅವರ ಕೈಯದಲ್ಲ, ಕೊಂಡ ಕಿಟ್‌ನದು. ಫೋಟೋ ಮಾಡಿಸಲೇಬೇಕು ಅಂತಿದ್ದರೆ ಮುಂದೆ ಒಬ್ಬರದೇ ಮುಖ, ದೊಡ್ಡ ಕ್ಯಾನ್ವಾಸ್ ಆರಿಸಿ.

ಈಗ 20 x 20 ತಗೊಳ್ಳಿ, ಅದರಲ್ಲಿ ಚೌಕ ಹರಳಿನ ಲೆಕ್ಕದಲ್ಲಿ 6,400. ದುಂಡು ಹರಳು 2.8 ಮಿ.ಮೀ. ಇರೋದರಿಂದ ಇನ್ನೂ ಕಡಿಮೆ. ನನ್ನ ಸಲಹೆ ದುಂಡಿನದೇ. ಸ್ವಲ್ಪ ವಾರೆ ಕೂತರೂ ಕಣ್ಣಿಗೆ ಬೀಳಲ್ಲ. ಚೌಕದ್ದು ಒಂದು ಹರಳು ಓರೆಯಾದರೆ ಮುಂದಿನದಕ್ಕೆ ಜಾಗ ಸಾಲದು, ಸಾಲಿಗೆ ಸಾಲೇ ಸರಿಯುತ್ತದೆ. ಚೌಕ ಸರಿಯಾಗಿ ಕೂತಾಗ ಟಕ್ ಅಂತ ಸದ್ದು ಮಾಡುತ್ತದೆ, ಆ ಖುಷಿಗೇ ಆಮೇಲೆ ಚೌಕಕ್ಕೆ ಹೋಗುವವರಿದ್ದಾರೆ, ನೀವೂ ಹೋಗಬಹುದು. ಚಿತ್ರ ದೊಡ್ಡ ಹೂವು, ನವಿಲು, ಗಿಳಿ ಥರದ್ದಿರಲಿ. ಬಣ್ಣಗಳು ದಪ್ಪ ದಪ್ಪ ತುಂಡಾಗಿ ಬಂದಿರಬೇಕು. ಬರೀ ಮೋಡ, ನೀರು ಇರುವ ಚಿತ್ರದಲ್ಲಿ ಒಂದೇ ನೀಲಿಯ ಹತ್ತು ಛಾಯೆ ಇರುತ್ತವೆ, ಗುರುತು ಹುಡುಕಿಯೇ ಕಣ್ಣು ಸೋಲುತ್ತದೆ.

ಪ್ರಶ್ನೆ: ನಿವೃತ್ತಿ ಆದ ಮೇಲೆ ಹೊತ್ತು ಹೋಗಲಿ ಅಂತ ಮಗಳು ಕಿಟ್ ತಂದುಕೊಟ್ಟಳು. ಎಂಟು ದಿನದಲ್ಲಿ ಕ್ಯಾನ್ವಾಸ್ ಮೇಲೆಲ್ಲ ಧೂಳು, ಹರಳು ಹಿಡಿಯುತ್ತಿಲ್ಲ. ಅಂಟೇ ಕಳಪೆ ಇರಬಹುದೇ? – ವಿಜಯಪುರ

ಉತ್ತರ: ಸರ್, ಒಂದು ಮಾತು ಕೇಳಬೇಕಿತ್ತು, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಒಂದೇ ಸಲಕ್ಕೆ ಪೂರ್ತಿ ಕಿತ್ತಿದ್ದೀರಾ? ನೀವು ಬರೆದಿದ್ದು ನೋಡಿದರೆ ಹಾಗೇ ಅನಿಸುತ್ತದೆ. ನಮ್ಮ ಕಡೆ ಬೇಸಿಗೆಯ ಗಾಳಿಗೆ ಬಾಗಿಲು ಹಾಕಿದರೂ ಧೂಳು ಒಳಗೆ ಬರುತ್ತದೆ. ಒಮ್ಮೆ ಅಂಟಿಗೆ ಧೂಳು, ಕೂದಲು, ಕೈಯ ಎಣ್ಣೆ ಹತ್ತಿದರೆ ಮುಗೀತು, ಎಷ್ಟು ಒಳ್ಳೆ ಅಂಟಾದರೂ ಹಿಡಿಯಲ್ಲ.

ಈಗ ಮಾಡಬೇಕಾದ್ದು: ಪಾರದರ್ಶಕ ಸೆಲ್ಲೋ ಟೇಪಿನ ಸಣ್ಣ ತುಂಡನ್ನು ಧೂಳಿನ ಮೇಲೆ ಹಗುರವಾಗಿ ಮುಟ್ಟಿಸಿ ಎತ್ತಿ. ಒತ್ತಬೇಡಿ, ಒತ್ತಿದರೆ ಅಂಟೇ ಎದ್ದು ಬರುತ್ತದೆ. ಹಾಗೂ ಹಿಡಿಯದ ಕಡೆ ಬಿಳಿ ಫೆವಿಕಾಲ್ ಅನ್ನು ಕಡ್ಡಿ ತುದಿಯಲ್ಲಿ ತೆಳ್ಳಗೆ ಹಚ್ಚಿ. ಅದು ಒಣಗಿದ ಮೇಲೆ ಪಾರದರ್ಶಕ ಆಗುತ್ತದೆ. ಆದರೆ ಹಸಿ ಇದ್ದಾಗ ಗುರುತು ಮುಚ್ಚಿಹೋಗುತ್ತದೆ, ಅದಕ್ಕೆ ಒಂದು ಸಲಕ್ಕೆ ಐದಾರು ಮನೆ ಸಾಕು. ಉಳಿದ ಜಾಗವನ್ನು ಇವತ್ತೇ ಮುಚ್ಚಿ. ಹಳೆ ಹಾಳೆ ಇದ್ದರೆ ಅದನ್ನೇ ಹಾಕಿ, ಎಸೆದಿದ್ದರೆ ಕೇಕ್ ಬೇಯಿಸುವಾಗ ತಳಕ್ಕೆ ಹಾಕುವ ಬೇಕಿಂಗ್ ಪೇಪರ್ ತನ್ನಿ, ಅದು ಅಂಟಿಗೆ ಕಚ್ಚಲ್ಲ.

ಇನ್ನು ಮುಂದೆ ಮೇಲಿನ ತುದಿಯಿಂದ ಕೆಳಗೆ ಬನ್ನಿ. ನಾಲ್ಕು ಬೆರಳಿನಷ್ಟು ಮಾತ್ರ ಹಾಳೆ ಮಡಚಿ, ಅಷ್ಟು ತುಂಬಿದ ಮೇಲೆ ಇನ್ನಷ್ಟು. ಹೀಗೆ ಮಾಡಿದರೆ ನಿಮ್ಮ ಮೊಣಕೈ ಯಾವಾಗಲೂ ಮುಚ್ಚಿದ ಜಾಗದ ಮೇಲೇ ಇರುತ್ತದೆ. ಎದ್ದು ಹೋಗುವಾಗ, ಚಹಾಕ್ಕೇ ಆಗಲಿ, ಮುಚ್ಚಿಯೇ ಏಳಿ. ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಬೇಡಿ, ಸುಡು ಬಿಸಿಲಿನ ದಿನ ಅಂಟು ಮೆತ್ತಗಾಗಿ ಹರಳು ಜಾರಬಹುದು. ಫ್ಯಾನ್ ನೇರ ಕೆಳಗೂ ಬೇಡ, ಹರಳು ಬಹಳ ಹಗುರ. ಒಂದು ಭಾಗ ಮುಗಿದಾಗಲೆಲ್ಲ ಕಾಗದ ಹಾಕಿ ಅಡುಗೆಮನೆಯ ಲಟ್ಟಣಿಗೆ ಉರುಳಿಸಿ, ಭದ್ರವಾಗಿ ಕೂರುತ್ತವೆ.

ಕಣ್ಣಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಲ್‌ಇಡಿ ಟ್ರೇಸಿಂಗ್ ಪ್ಯಾಡ್ ಅಂತ ಸಿಗುತ್ತದೆ, ಕ್ಯಾನ್ವಾಸ್ ಕೆಳಗೆ ಇಟ್ಟರೆ ಗುರುತುಗಳು ಬೆಳಕಲ್ಲಿ ಎದ್ದು ಕಾಣುತ್ತವೆ. ಮಗಳಿಗೆ ಹೇಳಿ ತರಿಸಿಕೊಳ್ಳಿ. ನೆಲದ ಮೇಲೆ ಬಗ್ಗಿ ಕೂತು ಮಾಡಬೇಡಿ, ಮೇಜು ಕುರ್ಚಿಯೇ ಇರಲಿ. ಮನೆಯಲ್ಲಿ ಚಿಕ್ಕ ಮೊಮ್ಮಕ್ಕಳಿದ್ದರೆ ಹರಳಿನ ಡಬ್ಬಿ ಕೈಗೆ ಸಿಗದ ಹಾಗೆ ಎತ್ತರದಲ್ಲಿಡಿ, ಬಾಯಿಗೆ ಹಾಕಿಕೊಂಡರೆ ಅಪಾಯ.

ಪ್ರಶ್ನೆ: ಮುಗಿದ ಚಿತ್ರಕ್ಕೆ ಗಾಜಿನ ಫ್ರೇಮ್ ಹಾಕಿಸಲೇ? – ಬೆಳಗಾವಿ

ಉತ್ತರ: ಬೇಡ. ಗಾಜಿನ ಹಿಂದೆ ಹೊಳಪು ಮಂಕಾಗುತ್ತದೆ. ಗಾಜಿಲ್ಲದ ಫ್ರೇಮ್ ಸಾಕು, ಧೂಳನ್ನು ಮೆತ್ತನೆ ಬ್ರಷ್‌ನಲ್ಲಿ ಒರೆಸಿ. ಅಂಗಡಿಯವರಿಗೆ ಬಿಸಿ ಲ್ಯಾಮಿನೇಷನ್ ಮಾಡಬೇಡಿ ಅಂತ ಮೊದಲೇ ಹೇಳಿ.

ಪ್ರಶ್ನೆ: ನಮ್ಮತ್ತೆ ಕಸೂತಿ ಹಾಕುತ್ತಾರೆ. ನಾನು ಡೈಮಂಡ್ ಪೇಂಟಿಂಗ್ ಮಾಡುವುದು ನೋಡಿ, ಇದೇನು ಕಲೆ, ಸುಮ್ನೆ ಅಂಟಿಸೋದು ಅಂದರು. ಮನಸ್ಸಿಗೆ ನೋವಾಯಿತು. – ಇಳಕಲ್ಲ

ಉತ್ತರ: ಅತ್ತೆಯ ಮಾತಿನಲ್ಲಿ ಅರ್ಧ ನಿಜ ಇದೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಏನೂ ಬರೆದಿರುವುದಿಲ್ಲ, ಎಳೆ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ ತೆಗೆಯಬೇಕು, ಗೆರೆ ಗೆರೆಯಾಗಿ ಹಾಕುವ ಗವಂತಿ ಹೊಲಿಗೆಯಲ್ಲಿ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಅದಕ್ಕೆ ವರ್ಷಗಟ್ಟಲೆ ಕೈ ಪಳಗಬೇಕು. ಕಿಟ್‌ನಲ್ಲಿ ಎಣಿಕೆಯನ್ನು ಬೇರೆ ಯಾರೋ ಮಾಡಿ ಕೊಟ್ಟಿರುತ್ತಾರೆ. ಆದರೆ ಎರಡೂ ಚೌಕದ ಮನೆಗಳ ಲೆಕ್ಕದ ಕೆಲಸವೇ ಅಲ್ವಾ? ನಿಮ್ಮ ಕಿಟ್‌ನ ಪಟ್ಟಿ ನೋಡಿ, ಬಣ್ಣದ ಮುಂದೆ ಸಂಖ್ಯೆ ಇರುತ್ತದೆ, ಕಪ್ಪಿಗೆ 310. ಈ ಸಂಖ್ಯೆಗಳು ಡಿಎಂಸಿ ಅನ್ನುವ ಫ್ರಾನ್ಸಿನ ಕಂಪನಿಯ ಕಸೂತಿ ದಾರದ ಬಣ್ಣಗಳದ್ದೇ.

ಹಾಗಾಗಿ ಅವರನ್ನೇ ಜೊತೆಗೆ ಕೂರಿಸಿಕೊಳ್ಳಿ. ಶಾಲೆಯ ಗ್ರಾಫ್ ಹಾಳೆ ತನ್ನಿ, 1 ಸೆಂಟಿಮೀಟರಿಗೆ ನಾಲ್ಕು ಚೌಕ ಹರಳು ಸರಿಯಾಗಿ ಕೂರುತ್ತವೆ. ಅತ್ತೆ ಹೇಳಿದ ಹಾಗೆ ಆನೆಯೋ ತೇರೋ ಗುರುತು ಹಾಕಿ, ರಟ್ಟಿಗೆ ಅಂಟಿಸಿ, ಮೇಲೆ ಪಾರದರ್ಶಕ ಡಬಲ್ ಸೈಡ್ ಟೇಪ್ ಹಚ್ಚಿ. ಗವಂತಿಯ ಗೆರೆ ಹರಳಿನಲ್ಲಿ ಚೆನ್ನಾಗಿ ಬರಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಒಳಗೆಲ್ಲ ಹೊಲಿಗೆ ತುಂಬಿದ ಮೆಂತ್ಯೆ ಕೆಲಸದ ನಮೂನೆ ಆರಿಸಿ, ಅದು ಹಾಗೇ ಇಳಿಯುತ್ತದೆ. ಹಿನ್ನೆಲೆಗೆಲ್ಲ 310ರ ಕಪ್ಪು ತುಂಬಿ, ನಮೂನೆಗೆ ಕೆಂಪು, ಹಳದಿ, ಹಸಿರು ಹಾಕಿದರೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯ ಬಣ್ಣವೇ ಬರುತ್ತದೆ. ಬಿಡಿ ಹರಳು ಸಂಖ್ಯೆ ಹೇಳಿದರೆ ಆನ್‌ಲೈನ್‌ನಲ್ಲಿ ಸಿಗುತ್ತವೆ. ಎಣಿಕೆ ಅತ್ತೆಯೇ ಮಾಡಲಿ, ಅಂಟಿಸುವುದು ನೀವು ಮಾಡಿ.